ಅಂಚಿನಲ್ಲಿ ಬರೆದ ಮಾತು

ನಮ್ಮ ಕಾಲೇಜಿನ ಬರವಣಿಗೆ ತರಗತಿ ಎರಡು ತುಂಡಾಗಿತ್ತು. ಮಂಗಳವಾರ ಮಧ್ಯಾಹ್ನ ಕೊಠಡಿಯಲ್ಲಿ, ಶುಕ್ರವಾರ ಸಂಜೆ ಮೊಬೈಲಿನಲ್ಲಿ. ಇದರ ಹಿಂದೆ ಯಾವ ಶಿಕ್ಷಣತಜ್ಞರ ಚಿಂತನೆಯೂ ಇರಲಿಲ್ಲ. ಪಾಠ ಹೇಳುವವರು ಅತಿಥಿ ಉಪನ್ಯಾಸಕಿ, ತಲಪಾಡಿ ಗಡಿಯ ಆಚೆಯವರು, ಕರ್ನಾಟಕದವರು. ಅವರಿಗೆ ಮಂಗಳೂರಿನಲ್ಲಿಯೂ ತರಗತಿಗಳಿದ್ದವು. ವಾರಕ್ಕೆ ಒಂದು ದಿನ ರೈಲು ಹತ್ತಿ ಕಾಸರಗೋಡಿಗೆ ಬರಬಲ್ಲೆ, ಇನ್ನೊಂದು ದಿನ ಆಗದು ಎಂದರು, ಕಾಲೇಜು ಒಪ್ಪಿತು. ಅಷ್ಟೇ ವಿಷಯ. (ಮಂಗಳೂರಿನಲ್ಲಿ ಅವರು ‘ಮೇಡಂ’. ನಮ್ಮಲ್ಲಿಗೆ ಬಂದ ದಿನವೇ ‘ಟೀಚರ್’ ಆದರು. ಕೇರಳದಲ್ಲಿ ಪಾಠ ಹೇಳುವ ಹೆಂಗಸರೆಲ್ಲ ಟೀಚರ್. ಅದಕ್ಕೆ ಮೇಲ್ಮನವಿ ಇಲ್ಲ.)

ನಾನು ವಾಣಿಜ್ಯ ವಿಭಾಗದವಳು. 2024ರಲ್ಲಿ ಕೇರಳದ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿ ಕ್ರಮಕ್ಕೆ ಬಂದ ಮೇಲೆ ಮುಖ್ಯ ವಿಷಯದ ಹೊರಗಿನ ಕೆಲವು ಕೋರ್ಸುಗಳನ್ನೂ ಆರಿಸಿಕೊಳ್ಳಬೇಕಾಗುತ್ತದೆ. ಕನ್ನಡ ಬರವಣಿಗೆಯನ್ನು ನಾನು ಆರಿಸಿಕೊಂಡದ್ದು ಸಾಹಿತ್ಯಪ್ರೀತಿಯಿಂದಲ್ಲ. ನನಗೆ ಸಿಗಬಹುದಾಗಿದ್ದ ಇನ್ನೊಂದು ಕೋರ್ಸು ಬೆಳಗಿನ ಮೊದಲ ಗಂಟೆಗಿತ್ತು. ಬದಿಯಡ್ಕದಿಂದಲೂ ಒಳಗಿರುವ ನಮ್ಮ ಊರಿನ ಬಸ್ಸು ಆ ಹೊತ್ತಿಗೆ ಕಾಸರಗೋಡು ತಲಪುವುದಿಲ್ಲ. ಲೆಡ್ಜರು, ಬ್ಯಾಲೆನ್ಸ್ ಶೀಟುಗಳ ನಡುವೆ ಒಂದಷ್ಟು ಕನ್ನಡ ಬರೆಯುವುದು ದೊಡ್ಡ ಕಷ್ಟವೇನೂ ಆಗಲಾರದು ಎಂದುಕೊಂಡೆ. ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಮೂರೂ ಬಾಯಿಪಾಠವಾಗಿದ್ದವು. ಯಾವ ವಿಷಯ ಕೊಟ್ಟರೂ ‘ಇಂದಿನ ಆಧುನಿಕ ಯುಗದಲ್ಲಿ’ ಎಂದು ಆರಂಭಿಸಿ ಎರಡು ಪುಟ ತುಂಬಿಸುವ ಶಕ್ತಿ ನನಗಿತ್ತು.

ಒಂದು ಸಂಗತಿಯನ್ನು ಮೊದಲೇ ಹೇಳದಿದ್ದರೆ ಮುಂದಿನದು ಹೊರಗಿನವರಿಗೆ ಹಿಡಿಯಲಿಕ್ಕಿಲ್ಲ. ನಮ್ಮ ತರಗತಿಯಲ್ಲಿ ಇದ್ದವರೆಲ್ಲ ಕನ್ನಡದವರು. ಆದರೆ ಪುಸ್ತಕದ ಕನ್ನಡವನ್ನು ಮನೆಯಲ್ಲಿ ಆಡುವವರು ಒಬ್ಬರೂ ಇರಲಿಲ್ಲ. ನಮ್ಮ ಮನೆಯಲ್ಲಿ ತುಳು. ಪೆರ್ಲದ ಕಡೆಯಿಂದ ಬರುವ ಹುಡುಗನಿಗೆ ಹವ್ಯಕ ಕನ್ನಡ. ಅದನ್ನು ಅವನ ಅಮ್ಮ ಫೋನಿನಲ್ಲಿ ಮಾತನಾಡುವಾಗ ನಮಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ಉಪ್ಪಳದ ಗೆಳತಿಗೆ ಬ್ಯಾರಿ, ಮಂಜೇಶ್ವರದವನಿಗೆ ಕೊಂಕಣಿ. ಪೇಟೆಗೆ ಇಳಿದರೆ ಎಲ್ಲರಿಗೂ ಮಲಯಾಳ. ಕನ್ನಡ ಎಂದರೆ ಶಾಲೆ, ಪತ್ರಿಕೆ, ಯಕ್ಷಗಾನ, ಜಾತ್ರೆಯ ಆಮಂತ್ರಣ ಪತ್ರಿಕೆ. ಇದು ನಮ್ಮ ತಲೆಮಾರಿನಲ್ಲಿ ಆದ ಬದಲಾವಣೆ ಎಂದು ಹಲವರು ಮರುಗುತ್ತಾರೆ. ಹಾಗೇನಿಲ್ಲ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. 1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಬಿರುದು ಕೊಟ್ಟದ್ದು ಕನ್ನಡದಲ್ಲಿ ಬರೆದುದಕ್ಕೆ. ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಪೆರಡಾಲದ ಶಾಲೆಯಲ್ಲಿ ಅಧ್ಯಾಪಕರಾಗಿದ್ದ ಅವರು ಕನ್ನಡದಲ್ಲಿ ಬರೆದರು, 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕ ಕನ್ನಡಕ್ಕಾಗಿ ಬೀದಿಗಿಳಿದರು, 2015ರಲ್ಲಿ ನೂರು ವರ್ಷ ತುಂಬಿ ತೀರಿಕೊಳ್ಳುವವರೆಗೂ ಆ ಮಾತನ್ನು ಬಿಡಲಿಲ್ಲ. ನಮ್ಮಲ್ಲಿ ಬಹುಮಂದಿಗೆ ಕನ್ನಡ ಮೊದಲಿನಿಂದಲೂ ಕಲಿತು ಬರೆಯುವ ಭಾಷೆ. ಆಡುವುದನ್ನೇ ಕಾಗದಕ್ಕೆ ಇಳಿಸಿ ಎಂದು ಬೆಂಗಳೂರಿನ ಮೇಷ್ಟರು ತಮ್ಮ ಮಕ್ಕಳಿಗೆ ಹೇಳಿಬಿಡಬಹುದು. ನಮ್ಮ ಟೀಚರ್ ಹಾಗೆ ಹೇಳುವಂತಿರಲಿಲ್ಲ.

ಮೊದಲ ಕೆಲವು ಮಂಗಳವಾರ ಬರವಣಿಗೆಯೇ ನಡೆಯಲಿಲ್ಲ. ಮಾತು ನಡೆಯಿತು. ಯಕ್ಷಗಾನ ಕವಿ ಕುಂಬಳೆ ಪಾರ್ತಿಸುಬ್ಬನ ಸೀಮೆ ಇದು. ವೇಷ, ಕುಣಿತ ಇಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಕರ್ಣನಾಗಿ ಒಂದು ಗಂಟೆ ವಾದಿಸುವ ಮಂದಿ ಪ್ರತಿ ಊರಿನಲ್ಲಿಯೂ ಇದ್ದಾರೆ. ಅವರ ಮೊಮ್ಮಕ್ಕಳು ನಮ್ಮ ತರಗತಿಯಲ್ಲಿಯೂ ಇದ್ದರು. ಟೀಚರ್ ಒಂದು ಪ್ರಶ್ನೆ ಎಸೆದರೆ ಸಾಕು, ಮೂವರು ಹುಡುಗರು ಗಂಟೆ ಮುಗಿಯುವವರೆಗೆ ಬಿಡುತ್ತಿರಲಿಲ್ಲ. ಪದಗಳು, ಗಾದೆಗಳು, ನಡುವೆ ಒಂದು ಸಂಸ್ಕೃತ ಶ್ಲೋಕ. ಕೇಳಲು ಚೆನ್ನಾಗಿಯೇ ಇರುತ್ತಿತ್ತು. ಆದರೆ ಅದೇ ಹುಡುಗರು ಬರೆದು ತಂದ ಪುಟದಲ್ಲಿ ಆ ಜೀವದ ಒಂದು ಗುಟುಕೂ ಇರುತ್ತಿರಲಿಲ್ಲ. ಉಪ್ಪಳದ ಗೆಳತಿಯಂತೂ ಆ ವಾರಗಳಲ್ಲಿ ಹಾಜರಿ ಹೇಳುವಾಗ ಬಿಟ್ಟರೆ ಬಾಯಿ ತೆರೆದವಳಲ್ಲ.

ಶುಕ್ರವಾರಗಳು ಇನ್ನೂ ಕೆಟ್ಟದಾಗಿದ್ದವು. ಆನ್‌ಲೈನ್ ಪಾಠ ನಮ್ಮ ವಯಸ್ಸಿನವರಿಗೆ ಹೊಸದಲ್ಲ. ಕೋವಿಡ್ ಕಾಲದಲ್ಲಿ, 2020ರ ಜೂನ್ 1ರಂದು, ಕೇರಳದ ಶಿಕ್ಷಣ ವಾಹಿನಿ ಕೈಟ್ ವಿಕ್ಟರ್ಸ್‌ನಲ್ಲಿ ‘ಫಸ್ಟ್ ಬೆಲ್’ ಪಾಠಗಳು ಶುರುವಾದಾಗ ನಾವು ಶಾಲೆಯಲ್ಲಿದ್ದೆವು. ಕನ್ನಡ ಮಾಧ್ಯಮದವರಿಗೆ ಬೇರೆಯಾಗಿ ಪಾಠಗಳನ್ನು ಸಿದ್ಧಪಡಿಸುತ್ತಿದ್ದರು. ಅದಕ್ಕೂ ಎರಡು ತಿಂಗಳು ಹಿಂದೆ, ಮಾರ್ಚಿನಲ್ಲಿ, ತಲಪಾಡಿಯ ಗಡಿ ಮುಚ್ಚಿ ಒಳದಾರಿಗಳಿಗೂ ಮಣ್ಣು ಸುರಿದಿದ್ದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯವರು ಆ ದಿನಗಳನ್ನು ಮರೆಯುವುದಿಲ್ಲ. ಅಂದು ಆಂಬುಲೆನ್ಸ್ ದಾಟಲಾಗದ ಗಡಿಯನ್ನು ಈಗ ಟೀಚರ್ ಧ್ವನಿ ಸಲೀಸಾಗಿ ದಾಟಿ ಬರುತ್ತಿತ್ತು. ಬಂದ ಮೇಲೆ ನಮ್ಮ ಮನೆಯ ಅಂಗಳಕ್ಕೆ ಇಳಿಯಲು ಅದಕ್ಕೆ ಆಗುತ್ತಿರಲಿಲ್ಲ, ಅಷ್ಟೆ. ನಮ್ಮ ಕಡೆ ಮನೆ, ತೋಟ ಎಲ್ಲ ತಗ್ಗಿನಲ್ಲಿ. ನೆಟ್‌ವರ್ಕ್ ಇರುವುದು ಮೇಲಿನ ಪದವಿನಲ್ಲಿ, ಎಂದರೆ ಗುಡ್ಡದ ನೆತ್ತಿಯ ಮುರಕಲ್ಲಿನ ಬಯಲಿನಲ್ಲಿ. ಮಳೆ ಇಲ್ಲದಿದ್ದರೆ ಅಲ್ಲಿಗೆ ಹತ್ತಿ ಗೇರುಮರದ ಬುಡದಲ್ಲಿ ಕೂರಬಹುದು. ಮಳೆಗಾಲದಲ್ಲಿ ಕೂರಲಾಗದು, ಆದರೆ ಆನ್‌ಲೈನ್ ತರಗತಿ ಹೆಚ್ಚು ನಡೆಯುವುದು ಮಳೆಗಾಲದಲ್ಲಿಯೇ. ಕೆಂಪು ಎಚ್ಚರಿಕೆ ಬಂದು ಜಿಲ್ಲಾಧಿಕಾರಿ ರಜೆ ಸಾರಿದರೆ ಮಂಗಳವಾರದ ತರಗತಿಯೂ ಮೊಬೈಲಿಗೆ ಬಂದು ಬೀಳುತ್ತಿತ್ತು. (ರಜೆ ಕೊಡಿ ಎಂದು ಹಿಂದಿನ ರಾತ್ರಿ ಜಿಲ್ಲಾಧಿಕಾರಿಯ ಫೇಸ್‌ಬುಕ್ ಪುಟದಲ್ಲಿ ಬೇಡಿಕೊಂಡವರಲ್ಲಿ ನಮ್ಮವರೇ ಇರುತ್ತಿದ್ದರು. ರಜೆಯ ದಿನ ಬರವಣಿಗೆ ತರಗತಿ ಮಾತ್ರ ನಡೆಯುವುದು ಕಂಡು ಅವರು ಪಟ್ಟ ಸಂಕಟ ಹೇಳತೀರದು.)

ತೆರೆಯ ತುಂಬ ಬಣ್ಣಬಣ್ಣದ ಉರುಟು, ಉರುಟಿನೊಳಗೆ ನಮ್ಮ ಹೆಸರಿನ ಮೊದಲ ಅಕ್ಷರ. ಕೊಠಡಿಯಲ್ಲಿ ಬಾಯಿ ಮುಚ್ಚದ ಹುಡುಗರೂ ಇಲ್ಲಿ ಮೌನಿಗಳು. ‘ಕೇಳಿಸುತ್ತಿದೆಯೇ?’ ಎಂದು ಟೀಚರ್, ‘ಕೇಳಿಸುತ್ತಿದೆ ಟೀಚರ್’ ಎಂದು ನಾವು. ಗಂಟೆಯ ಅರ್ಧ ಅದರಲ್ಲಿಯೇ ಹೋಗುತ್ತಿತ್ತು.

ಕೊನೆಗೆ ಟೀಚರ್ ಒಂದು ಶುಕ್ರವಾರ ಪಾಠ ಹೇಳುವುದನ್ನೇ ಬಿಟ್ಟರು. ಗೂಗಲ್ ಡಾಕ್ಸ್‌ನ ಒಂದು ಕಡತದ ಕೊಂಡಿ ಕಳುಹಿಸಿ, ಎಲ್ಲರೂ ಇದರೊಳಗೆ ಬನ್ನಿ, ಮೈಕ್ ಬೇಡ, ಕ್ಯಾಮರಾ ಬೇಡ, ಏನು ಹೇಳುವುದಿದ್ದರೂ ಬರೆದೇ ಹೇಳಿ ಎಂದರು. ಹಿಂದಿನ ವಾರ ನಾವು ಒಪ್ಪಿಸಿದ್ದ ‘ನನ್ನ ಊರು’ ಪ್ರಬಂಧಗಳೆಲ್ಲ ಅದರಲ್ಲಿ ಸಾಲಾಗಿ ಇದ್ದವು.

ಒಂದೇ ಪುಟದಲ್ಲಿ ಹತ್ತಾರು ಜನ ಓಡಾಡುವುದನ್ನು ನೋಡದವರಿಗೆ ಅದರ ವಿಚಿತ್ರವನ್ನು ಹೇಗೆ ಹೇಳಲಿ? ಪ್ರತಿಯೊಬ್ಬರದೂ ಒಂದು ಬಣ್ಣದ ಗೆರೆ, ಅದಕ್ಕೆ ಹೆಸರಿನ ಚೀಟಿ. ಯಾರು ಯಾವ ಸಾಲಿನ ಬಳಿ ನಿಂತಿದ್ದಾರೆ ಎಂದು ಕಾಣುತ್ತದೆ. ಯಾರೋ ಒಂದು ಪದ ಬರೆದು, ಅಳಿಸಿ, ಮತ್ತೆ ಅದನ್ನೇ ಬರೆಯುವುದು ಕಾಣುತ್ತದೆ. ಖಾತೆಗೆ ಪ್ರವೇಶಿಸದೆ ಬಂದವರನ್ನು ಅದು ಅನಾಮಧೇಯ ಪ್ರಾಣಿಗಳ ಹೆಸರಿನಿಂದ ತೋರಿಸುತ್ತದೆ. ನನ್ನ ಊರಿನ ವರ್ಣನೆಯ ನಡುವೆ ಒಂದು ಕಪ್ಪೆ ಬಹಳ ಹೊತ್ತು ಕುಳಿತಿತ್ತು. ಅದು ಯಾರೆಂದು ಇಂದಿಗೂ ತಿಳಿದಿಲ್ಲ.

ನನ್ನ ಪ್ರಬಂಧದ ಮೊದಲ ಸಾಲು, ‘ಪ್ರಕೃತಿಮಾತೆಯ ಮಡಿಲಿನಲ್ಲಿ ಪವಡಿಸಿರುವ ನಮ್ಮ ಊರು ಹಚ್ಚಹಸಿರಿನಿಂದ ಕಂಗೊಳಿಸುತ್ತಿದೆ.’ ಶಾಲೆಯಲ್ಲಿ ಈ ಸಾಲಿಗೆ ಬಹುಮಾನ ಬಂದಿತ್ತು. ಅಂಚಿನಲ್ಲಿ ಟಿಪ್ಪಣಿಯ ಪೆಟ್ಟಿಗೆಯೊಂದು ತೆರೆಯಿತು. ಉಪ್ಪಳದ ಗೆಳತಿ ಬರೆದಿದ್ದಳು, ‘ಈ ಊರಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ?’

ನಾನು ಉತ್ತರಿಸಿದೆ, ‘ಏಳೂಕಾಲಿಗೆ. ಯಾಕೆ?’

‘ತಪ್ಪಿದರೆ ಏನು ಮಾಡುತ್ತೀರಿ?’

‘ಬದಿಯಡ್ಕದಿಂದ ಆಟೋ. ಆಟೋದವರು ಸೇತುವೆಯವರೆಗೆ ಮಾತ್ರ ಬರುತ್ತಾರೆ. ಆಮೇಲೆ ನಡೆಯಬೇಕು. ಅಪ್ಪ ಟಾರ್ಚು ಹಿಡಿದು ಬಂದು ನಿಂತಿರುತ್ತಾರೆ. ಬೈಯುತ್ತಾರೆ. ಬೈದದ್ದು ಸೇತುವೆಯಿಂದ ಮನೆಯವರೆಗೆ ಬರುತ್ತದೆ.’

ಅದರ ಕೆಳಗೆ ಟೀಚರ್ ಬರೆದದ್ದು ಇಷ್ಟೇ, ‘ಪ್ರಬಂಧ ಇಲ್ಲಿದೆ, ಅಂಚಿನಲ್ಲಿ. ನಡುವಿನಲ್ಲಿ ಇರುವುದನ್ನು ತೆಗೆಯಿರಿ.’

ಆ ಸಂಜೆ ಇದೇ ಎಲ್ಲರಿಗೂ ಆಯಿತು. ಪುಟದ ನಡುವೆ ಶಾಲೆಯ ಕನ್ನಡ ಕೈಕಟ್ಟಿ ನಿಂತಿತ್ತು, ಅಂಚಿನ ಸಣ್ಣ ಪೆಟ್ಟಿಗೆಗಳಲ್ಲಿ ಜನ ಜಗಳವಾಡುತ್ತಿದ್ದರು, ಕೇಳುತ್ತಿದ್ದರು, ನಗುತ್ತಿದ್ದರು. ಅದೂ ಕನ್ನಡದಲ್ಲಿಯೇ, ಬರೆದೇ. ಹಿಂದೆ ವಾಟ್ಸ್ಆ್ಯಪ್‌ನಲ್ಲಿ ನಾವು ಬರೆಯುತ್ತಿದ್ದದ್ದು ಇಂಗ್ಲಿಷ್ ಅಕ್ಷರದಲ್ಲಿ ತುಳುವೋ ಮಲಯಾಳವೋ ಏನೋ ಒಂದು ಕಲಸುಮೇಲೋಗರ. ಕನ್ನಡದಲ್ಲಿ ಬರೆಯುವುದು ಎಂದರೆ ಪರೀಕ್ಷೆಗೆ ಬರೆಯುವುದು, ಅಧ್ಯಾಪಕರಿಗೆ ಒಪ್ಪಿಸುವುದು. ಒಬ್ಬ ಗೆಳತಿಗೆ ಉತ್ತರ ಕೊಡುವುದಕ್ಕಾಗಿ, ಅವಳನ್ನು ಒಪ್ಪಿಸುವುದಕ್ಕಾಗಿ, ಕೆಣಕುವುದಕ್ಕಾಗಿ ಕನ್ನಡದಲ್ಲಿ ಬರೆದದ್ದು ನನಗೆ ಅದೇ ಮೊದಲು.

ಕೊಠಡಿಯಲ್ಲಿ ಇದು ಆಗುತ್ತಿರಲಿಲ್ಲ. ಕೊಠಡಿಯಲ್ಲಿ ಅವಳು ಕೇಳುವ ಮೊದಲೇ ಆ ಮೂವರು ಹುಡುಗರು ಮಾತು ಮುಗಿಸಿರುತ್ತಿದ್ದರು. ಕೇಳಿದರೂ ನಾನು ಬಾಯಿಯಲ್ಲಿ ಉತ್ತರ ಹೇಳುತ್ತಿದ್ದೆ, ತುಳುವಿನಲ್ಲಿ ಹೇಳುತ್ತಿದ್ದೆ, ಅದು ಗಾಳಿಗೆ ಹೋಗುತ್ತಿತ್ತು. ಮನೆಗೆ ಬಂದು ಮತ್ತೆ ಪ್ರಕೃತಿಮಾತೆಯನ್ನೇ ಬರೆಯುತ್ತಿದ್ದೆ. ಅರ್ಧ ಆನ್‌ಲೈನ್ ತರಗತಿ ಎಂದ ಕೂಡಲೇ ಜನ ಅದನ್ನು ಸರಿಯಾದ ತರಗತಿಯ ಬಡ ತಂಗಿಯಂತೆ ಕಾಣುತ್ತಾರೆ. ವಿಡಿಯೋ ಪಾಠದ ಮಟ್ಟಿಗೆ ಅವರ ಮಾತು ನಿಜ, ನಾನೂ ಒಪ್ಪುತ್ತೇನೆ. ಆದರೆ ಬರವಣಿಗೆಯ ತರಗತಿಯಲ್ಲಿ ಬಾಯಿಗೆ ಬೀಗ ಹಾಕಿ ಬರೆದೇ ಮಾತನಾಡಿ ಎನ್ನುವುದು ಕೊರತೆಯಲ್ಲ, ಪಾಠವೇ ಅದು.

ಟೈಪಿಂಗ್ ಬಗ್ಗೆ ಒಂದಿಷ್ಟು. ಕೇರಳದ ಶಾಲೆಗಳ ಕಂಪ್ಯೂಟರ್ ಪಾಠದಲ್ಲಿ ನಾವು ಕಲಿತದ್ದು ಇನ್‌ಸ್ಕ್ರಿಪ್ಟ್ ಕೀಲಿಮಣೆ. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ಇದರ ಸೊಗಸು ಎಂದರೆ ಮಲಯಾಳದ ‘ಕ’ ಎಲ್ಲಿದೆಯೋ ಕನ್ನಡದ ‘ಕ’ವೂ ಅಲ್ಲಿಯೇ, ಲಿಪಿ ಬದಲಾದರೂ ಬೆರಳು ಬದಲಾಗಬೇಕಿಲ್ಲ. ಟೀಚರ್ ಕರ್ನಾಟಕದವರಾದ್ದರಿಂದ ಅವರ ಕೈಗೆ ಅಂಟಿದ್ದು ಕೆ.ಪಿ. ರಾವ್ ಅವರ ವಿನ್ಯಾಸ. ನಮ್ಮ ಲ್ಯಾಬಿನ ಯಂತ್ರದ ಮುಂದೆ ಕುಳಿತರೆ ಅವರು ಎಳೆಮಗುವಿನಂತೆ ಅಕ್ಷರ ಹುಡುಕುತ್ತಿದ್ದರು. ಒಬ್ಬ ಸಹಪಾಠಿ ಮದುವೆ ಕಾಗದ ಮಾಡಿಕೊಡುವ ಡಿಟಿಪಿ ಅಂಗಡಿಯಲ್ಲಿ ಹಳೆಯ ಫಾಂಟಿನಲ್ಲಿ ಪ್ರಬಂಧ ಟೈಪು ಮಾಡಿಸಿಕೊಂಡು ಬಂದು ಕಡತಕ್ಕೆ ಹಾಕಿದ. ಯುನಿಕೋಡ್ ಅಲ್ಲದ ಆ ಕನ್ನಡ, ಕಡತಕ್ಕೆ ಬಿದ್ದೊಡನೆ ಇಂಗ್ಲಿಷ್ ಅಕ್ಷರ, ಕೊಂಬು, ಚಿಹ್ನೆಗಳ ರಾಶಿಯಾಯಿತು. ‘ಇದುವರೆಗೆ ಬಂದ ಪ್ರಬಂಧಗಳಲ್ಲಿ ಇದರಲ್ಲಿ ಮಾತ್ರ ಸವಕಲು ಪದಗಳಿಲ್ಲ’ ಎಂದು ಯಾರೋ ಅಂಚಿನಲ್ಲಿ ಬರೆದರು.

ಇನ್ನೊಬ್ಬ ಕೃತಕ ಬುದ್ಧಿಮತ್ತೆಯಿಂದ ಬರೆಸಿ ತಂದ. ಕಡತದ ಹಳೆಯ ಆವೃತ್ತಿಗಳನ್ನು ತೆರೆದು ನೋಡಬಹುದಾದ್ದರಿಂದ, ಖಾಲಿ ಪುಟದಲ್ಲಿ ಐದು ಪ್ಯಾರಾ ಒಮ್ಮೆಗೇ ಉದ್ಭವಿಸಿದ್ದು ಎಲ್ಲರಿಗೂ ಕಂಡಿತು. ಟೀಚರ್ ಗದರಲಿಲ್ಲ. ಬೇರೆಯವರ ಪ್ರಬಂಧಗಳಿಗೆ ಹತ್ತು ಹದಿನೈದು ಟಿಪ್ಪಣಿ ಬಿದ್ದವು, ಇವನದಕ್ಕೆ ಒಂದೂ ಬೀಳಲಿಲ್ಲ. ಕೇಳುವುದಕ್ಕೆ ಯಾರಿಗೂ ಏನೂ ಇರಲಿಲ್ಲ. ಮರುವಾರ ಅವನೇ ಅದನ್ನು ಅಳಿಸಿ ತನ್ನ ಅಣ್ಣನ ಕೋಳಿ ಸಾಕಣೆಯ ಬಗ್ಗೆ ಬರೆದ. ಅದಕ್ಕೆ ಟಿಪ್ಪಣಿಗಳ ಮಳೆ.

ಇನ್ನು ಬಸ್ಸಿನ ವಿಷಯ. ಇದನ್ನು ವಿವರವಾಗಿಯೇ ಹೇಳಬೇಕು.

‘ಬಸ್ಸಿನಲ್ಲಿ ಕೇಳಿದ ಒಂದು ಸಂಭಾಷಣೆಯನ್ನು ಬರೆಯಿರಿ, ಒಂದು ಪುಟ ಸಾಕು’ ಎಂದು ಟೀಚರ್ ಹೇಳಿದಾಗ ನಾವೆಲ್ಲ ಸುಲಭದ್ದೆಂದು ಸಂತೋಷಪಟ್ಟೆವು. ಬರೆಯಲು ಕುಳಿತಾಗ ಎಲ್ಲರೂ ಒಂದೇ ಕಡೆ ಸಿಕ್ಕಿಹಾಕಿಕೊಂಡೆವು. ನಮ್ಮ ಬಸ್ಸಿನಲ್ಲಿ ಯಾರೂ ಕನ್ನಡ ಮಾತನಾಡುವುದಿಲ್ಲ. ಮಾತನಾಡುವುದೇ ಇಲ್ಲ ಎಂದಲ್ಲ. ಕಂಡಕ್ಟರ್ ಮಲಯಾಳದಲ್ಲಿ ಟಿಕೆಟ್ ಕೇಳುತ್ತಾನೆ, ಮುದುಕಿ ತುಳುವಿನಲ್ಲಿ ಉತ್ತರಿಸುತ್ತಾಳೆ, ಅವನು ಆ ಕ್ಷಣವೇ ತುಳುವಿಗೆ ಹೊರಳುತ್ತಾನೆ, ಹಿಂದಿನ ಸೀಟಿನ ಶಾಲೆ ಮೇಷ್ಟ್ರನ್ನು ಕಂಡೊಡನೆ ಕನ್ನಡಕ್ಕೆ, ರಿಯಾಯಿತಿ ಕಾರ್ಡು ಹಿಡಿದ ನಮ್ಮನ್ನು ಗದರುವಾಗ ಮತ್ತೆ ಮಲಯಾಳಕ್ಕೆ. ಇದನ್ನು ಕನ್ನಡದಲ್ಲಿ ಬರೆಯುವುದು ಹೇಗೆ?

ನಾನು ಬರೆದದ್ದು ನೀರ್ಚಾಲಿನಲ್ಲಿ ಹತ್ತಿದ ಒಬ್ಬ ಅಜ್ಜಿಯ ಬಗ್ಗೆ. ಕ್ಷೇಮ ಪಿಂಚಣಿಯ ಮಸ್ಟರಿಂಗ್‌ಗಾಗಿ ಅಕ್ಷಯ ಕೇಂದ್ರಕ್ಕೆ, ಸರಕಾರಿ ಸೇವೆಗಳ ಕಂಪ್ಯೂಟರ್ ಕೇಂದ್ರಕ್ಕೆ, ಹೊರಟಿದ್ದರು. ಪಿಂಚಣಿ ಪಡೆಯುವವರು ಬದುಕಿದ್ದಾರೆ ಎಂದು ಬೆರಳು ಒತ್ತಿ ಸಾಬೀತುಪಡಿಸಬೇಕು, ಕೇರಳದಲ್ಲಿ ಅದಕ್ಕೆ ಮಸ್ಟರಿಂಗ್ ಎಂದು ಹೆಸರು. ನನ್ನ ಮೊದಲ ಪ್ರತಿಯಲ್ಲಿ ಅಜ್ಜಿ ಹೇಳುತ್ತಾರೆ, ‘ಯಂತ್ರವು ನನ್ನ ಬೆರಳಚ್ಚನ್ನು ಗುರುತಿಸುತ್ತಿಲ್ಲ. ಸರಕಾರದ ಸೌಲಭ್ಯಗಳು ಬಡವರಿಗೆ ತಲಪುತ್ತಿಲ್ಲ.’ ಅಂಚಿನಲ್ಲಿ ಉಪ್ಪಳದವಳು, ‘ಈ ಅಜ್ಜಿ ಅಕ್ಷಯ ಕೇಂದ್ರದ ಗೋಡೆಯ ಮೇಲಿನ ಸೂಚನೆ ಓದುತ್ತಿದ್ದಾರೆಯೇ?’

ಉಳಿದವರು ಬೇರೆ ಬೇರೆ ದಾರಿ ಹಿಡಿದಿದ್ದರು. ಒಬ್ಬ ಮಲಯಾಳದ ಮಾತನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದ. ಟೀಚರಿಗೆ ಏನೂ ಅರ್ಥವಾಗಲಿಲ್ಲ. ಹಾಗೆಂದು ಬರೆದರು ಕೂಡ. ಒಬ್ಬಳು ಎಲ್ಲರಿಗೂ ಮಂಗಳೂರು ಕನ್ನಡ ಹೊಂದಿಸಿದಳು, ಕಂಡಕ್ಟರ್‌ನಿಂದ ಹಿಡಿದು ಪೊಲೀಸನವರೆಗೆ ಎಲ್ಲರೂ ಹಾಸ್ಯನಾಟಕದವರಾದರು. ಪೆರ್ಲದ ಹುಡುಗ ಸಂಭಾಷಣೆಯನ್ನೇ ಎತ್ತಿಬಿಟ್ಟು, ಅವರು ಹೀಗೆಂದರು ಇವರು ಹಾಗೆಂದರು ಎಂದು ವರದಿ ಒಪ್ಪಿಸಿದ. ಅಂಚು ತುಂಬಿ ಹೋಯಿತು. ಯಾರದು ಸರಿ ಎಂಬ ವಾದ ಶುಕ್ರವಾರ ಮುಗಿಯದೆ ಶನಿವಾರ, ಭಾನುವಾರವೂ ನಡೆಯಿತು. ಬಾಯಿಮಾತಿನ ವಾದವಾಗಿದ್ದರೆ ಬಸ್ ಸ್ಟ್ಯಾಂಡಿನಲ್ಲಿ ಮುಗಿದುಹೋಗುತ್ತಿತ್ತು.

ಭಾನುವಾರ ರಾತ್ರಿ ನಾನು ಎರಡನೆಯ ಪ್ರತಿ ಬರೆದೆ. ಯಾರು ಯಾವ ಭಾಷೆಯಲ್ಲಿ ಮಾತನಾಡಿದರು ಎಂದು ಪ್ರತಿ ಸಾಲಿಗೂ ಹೇಳುವುದನ್ನು ಬಿಟ್ಟೆ. ಕಂಡಕ್ಟರ್ ಮುಖ ನೋಡಿ ಭಾಷೆ ಬದಲಿಸಿದ ಎಂದು ಒಂದು ಕಡೆ ಮಾತ್ರ ಹೇಳಿದೆ. ಅಜ್ಜಿಯ ಮಾತು ಹೀಗಾಯಿತು, ‘ಅಡಿಕೆ ಸುಲಿದು ಸುಲಿದು ಬೆರಳಿನ ಗೆರೆ ಹೋಗಿದೆ. ಕಣ್ಣಿಗೆ ಬದುಕಿದ್ದೇನೆ, ಯಂತ್ರಕ್ಕೆ ಸತ್ತಿದ್ದೇನೆ.’ ಸೌಲಭ್ಯದ ಸಾಲನ್ನು ಮಾತ್ರ ಉಳಿಸಿಕೊಂಡೆ. ಅಷ್ಟಾದರೂ ಸಮಾಜಕ್ಕೆ ಸಂದೇಶ ಬೇಡವೇ!

ಮಂಗಳವಾರ ಟೀಚರ್ ಅದನ್ನು ಮುದ್ರಿಸಿ ತಂದು, ನನ್ನಿಂದಲ್ಲ, ಮಾತುಗಾರ ಹುಡುಗರಲ್ಲಿ ಒಬ್ಬನಿಂದ ಓದಿಸಿದರು. ಅವನ ಮನೆ ಕುಂಬಳೆಯ ಹತ್ತಿರ, ಮನೆಮಾತು ತುಳು. ಓದುತ್ತ ಓದುತ್ತ ಅಜ್ಜಿಯ ಸಾಲಿಗೆ ಬಂದ. ಪುಟದಲ್ಲಿ ಕನ್ನಡವಿದೆ, ಅವನ ಬಾಯಿಯಿಂದ ಬಂದದ್ದು ತುಳು. ಬೇಕೆಂದು ಮಾಡಿದ್ದಲ್ಲ ಎಂದು ಅವನು ಆಮೇಲೆ ಆಣೆಯಿಟ್ಟ. ಕಣ್ಣು ಕನ್ನಡದ ಮೇಲಿದೆ, ನಾಲಗೆ ಎಲ್ಲಿಯೂ ತಡವರಿಸದೆ ತುಳುವಿನಲ್ಲಿ ಹೋಗುತ್ತಿದೆ. ತರಗತಿಯಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಕಂಡಕ್ಟರ್ ಬಂದಾಗ ಮಲಯಾಳಕ್ಕೆ ಹೋದ, ಮೇಷ್ಟ್ರು ಬಂದಾಗ ಕನ್ನಡಕ್ಕೆ ಬಂದ. ಮತ್ತೆ ಅಜ್ಜಿ, ಮತ್ತೆ ತುಳು. ಹಾಗೆ ಹೋಗುತ್ತಿದ್ದವನು ಒಂದು ಕಡೆ ಗಕ್ಕನೆ ನಿಂತ. ‘ಸರಕಾರದ ಸೌಲಭ್ಯಗಳು ಬಡವರಿಗೆ...’ ನಾಲಗೆ ಹೊರಳಲಿಲ್ಲ. ಅದನ್ನು ತುಳುವಿನಲ್ಲಿ ಯಾರೂ ಹೇಳುವುದಿಲ್ಲ. ಹೇಳಿದರೆ ಅದು ಭಾಷಣ. ಅವನು ಆ ಸಾಲನ್ನು ಕನ್ನಡದಲ್ಲಿಯೇ, ವಾರ್ತೆ ಓದುವವರ ಧ್ವನಿಯಲ್ಲಿ ಓದಿ ಮುಗಿಸಿದ. ಕೊಠಡಿ ಬಿದ್ದು ಬಿದ್ದು ನಕ್ಕಿತು. ನಾನು ಪೆನ್ನು ತೆಗೆದು ಸಾಲು ಹೊಡೆದು ಹಾಕಿದೆ.

ಅಂದಿನಿಂದ ನಮ್ಮಲ್ಲಿ ಅದೊಂದು ಪದ್ಧತಿಯೇ ಆಯಿತು. ಶುಕ್ರವಾರ ಕನ್ನಡದಲ್ಲಿ ಬರೆದದ್ದನ್ನು ಮಂಗಳವಾರ ಆಯಾ ಪಾತ್ರದ ಮನೆಮಾತಿನವರು ತಮ್ಮ ಮಾತಿಗೆ ತಿರುಗಿಸಿಕೊಂಡು ಓದುವುದು. ಉಮ್ಮನ ಮಾತಾದರೆ ಉಪ್ಪಳದವಳು ಬ್ಯಾರಿಯಲ್ಲಿ. ಆ ವೇಳೆಗೆ ಅವಳಿಗೆ ಕೊಠಡಿಯಲ್ಲಿಯೂ ಬಾಯಿ ಬಂದಿತ್ತು. ತಡೆಯಿಲ್ಲದೆ ಹೊರಳಿದ ಸಾಲು ನಿಲ್ಲುತ್ತಿತ್ತು, ನಾಲಗೆ ತೊಡರಿದ ಸಾಲನ್ನು ತಿದ್ದುತ್ತಿದ್ದೆವು. ಒಂದೇ ಭಾಷೆ ಆಡುವ, ಬರೆಯುವ ಊರಿನ ಮಕ್ಕಳಿಗೆ ಈ ಪರೀಕ್ಷೆ ಸಿಗುವುದಿಲ್ಲ. ಇದಕ್ಕೆ ಎರಡೂ ದಿನ ಬೇಕಿತ್ತು. ಮಂಗಳವಾರ ಮಾತ್ರ ಇದ್ದಿದ್ದರೆ ನಾವು ತುಳುವಿನಲ್ಲಿ ಸೊಗಸಾಗಿ ಮಾತನಾಡಿ ಮನೆಗೆ ಹೋಗುತ್ತಿದ್ದೆವು. ಶುಕ್ರವಾರ ಮಾತ್ರ ಇದ್ದಿದ್ದರೆ ಅಜ್ಜಿ ಇಂದಿಗೂ ಸೌಲಭ್ಯಗಳ ಬಗ್ಗೆ ಮಾತನಾಡುತ್ತಿದ್ದರು.

ಪರೀಕ್ಷೆಗೆ ಒಂದು ಮಿತಿಯೂ ಇತ್ತು ಎನ್ನಿ. ಪೆರ್ಲದ ಹುಡುಗ ಅಜ್ಜ ತೀರಿಕೊಂಡ ವರ್ಷದ ಬಗ್ಗೆ ಬರೆದ. ಸಂಭಾಷಣೆ ಏನೂ ಇಲ್ಲ, ಬರೀ ಯೋಚನೆ. ಅಜ್ಜನ ಹೆಸರಿನಲ್ಲಿ ಇನ್ನೂ ಬರುತ್ತಿರುವ ಬ್ಯಾಂಕಿನ ಕಾಗದಗಳನ್ನು ಒಡೆಯದೆ ಒಟ್ಟುಮಾಡಿ ಇಡುವ ಅಪ್ಪನ ಬಗ್ಗೆ ಒಂದು ಉದ್ದ ವಾಕ್ಯ. ಅದನ್ನು ಹವ್ಯಕ ಕನ್ನಡಕ್ಕೆ ಹೊರಳಿಸಲು ಅವನಿಗೇ ಆಗಲಿಲ್ಲ. ಮನೆಯಲ್ಲಿ ಯಾರೂ ಹಾಗೆ ಮಾತನಾಡುವುದಿಲ್ಲ, ಈ ವಿಷಯವನ್ನು ಯಾರೂ ಎತ್ತುವುದೂ ಇಲ್ಲ. ನಿಯಮದ ಪ್ರಕಾರ ತೆಗೆಯಬೇಕಿತ್ತು. ಒಬ್ಬರೂ ತೆಗೆ ಎನ್ನಲಿಲ್ಲ. ಮನೆಯಲ್ಲಿ ಆಡಲಾಗದ್ದನ್ನು ಇಡಲು ಅವನಿಗೆ ಬರೆಯುವ ಕನ್ನಡ ಇತ್ತು, ಇಟ್ಟ.

ನನ್ನ ಮಾವ ಆಧಾರ, ಎಂದರೆ ಜಾಗದ ಕ್ರಯಪತ್ರ, ಪಾಲುಪತ್ರ ಬರೆಯುವವರು. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿನ ಸಾಲಿನಲ್ಲಿ ಅವರದೊಂದು ಕೋಣೆ. ಯೋಚಿಸಿದರೆ ನಮ್ಮ ಕುಟುಂಬದಲ್ಲಿ ಬರೆದು ಬದುಕಿದವರು ಅವರೊಬ್ಬರೇ. ಬಸ್ಸಿನ ಪುಟವನ್ನು ಅವರಿಗೆ ಕೊಟ್ಟೆ. ಕನ್ನಡಕ ಏರಿಸಿ ಎರಡು ಸಲ ಓದಿದರು.

‘ಬಸ್ಸು ಎಲ್ಲಿಂದ ಹೊರಟಿತು?’

‘ಮಾವ, ಅದು ಮುಖ್ಯವಲ್ಲ.’

‘ಅಜ್ಜಿ ಯಾವ ಬದಿಯಲ್ಲಿ ಕೂತಿದ್ದಾರೆ? ಪಕ್ಕದಲ್ಲಿ ಯಾರು? ಮೇಷ್ಟ್ರು ಹಿಂದೆಯೋ ಮುಂದೆಯೋ? ಕಂಡಕ್ಟರ್ ಯಾವ ಬಾಗಿಲಿನಿಂದ ಬಂದ?’ ಪುಟವನ್ನು ಮೇಜಿನ ಮೇಲಿಟ್ಟರು. ‘ಮಾತು ಚೆನ್ನಾಗಿದೆ. ಆದರೆ ಚಕ್ಕುಬಂದಿಯೇ ಇಲ್ಲವಲ್ಲ ಮಗಳೇ. ಮೂಡಕ್ಕೆ ಏನು, ಪಡುವಕ್ಕೆ ಏನು ಎಂದು ಇಲ್ಲದಿದ್ದರೆ ಆ ಜಾಗವನ್ನು ಯಾರು ಕೊಳ್ಳುತ್ತಾರೆ?’

ಟೀಚರ್ ಇದನ್ನು ಕೇಳಿ ತುಂಬ ಹೊತ್ತು ನಕ್ಕರು. ಆಮೇಲೆ ಕಡತದ ತಲೆಯಲ್ಲಿ ದಪ್ಪ ಅಕ್ಷರದಲ್ಲಿ ‘ಚಕ್ಕುಬಂದಿ ಇದೆಯೇ?’ ಎಂದು ಬರೆದಿಟ್ಟರು. ಮೂರನೆಯ ಪ್ರತಿಯಲ್ಲಿ ಅಜ್ಜಿ ಎಡಬದಿಯ ಕಿಟಕಿಯ ಪಕ್ಕ ಕುಳಿತರು, ಕಾಲ ಬಳಿ ಒಂದು ಕೊಡೆ ಬಂತು, ಮೇಷ್ಟ್ರು ನಿಂತುಕೊಂಡರು.

ಸೆಮಿಸ್ಟರ್ ಕೊನೆಯ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೆನ್ನು, ಕಾಗದ, ಗಂಟೆಯ ಲೆಕ್ಕ. ತಿದ್ದಲು ಸಮಯವಿಲ್ಲ, ಅಂಚಿನಲ್ಲಿ ಬರೆಯಬಾರದು ಎಂದು ಉತ್ತರಪತ್ರಿಕೆಯಲ್ಲಿಯೇ ಮುದ್ರಿಸಿರುತ್ತಾರೆ. ಪರಿಸರ ಮಾಲಿನ್ಯದ ಬಗ್ಗೆ ಪ್ರಬಂಧ ಕೇಳಿದ್ದರು. ‘ಇಂದಿನ ಆಧುನಿಕ ಯುಗದಲ್ಲಿ’ ಎಂದು ಆರಂಭಿಸಿದೆ. ಒಳ್ಳೆಯ ಅಂಕ ಬಂತು.

ಟೀಚರ್ ಮರುವರ್ಷ ಬರಲಿಲ್ಲ. ಅತಿಥಿ ಉಪನ್ಯಾಸಕರ ನೇಮಕ ವರ್ಷವರ್ಷವೂ ಹೊಸದಾಗಿ ಆಗುವಂಥದ್ದು. ಆ ಕೋರ್ಸು ಈಗ ಪೂರ್ತಿಯಾಗಿ ಕೊಠಡಿಯಲ್ಲಿ ನಡೆಯುತ್ತಿದೆ, ಕಿರಿಯರು ಟಿಪ್ಪಣಿ ಬರೆದುಕೊಳ್ಳುತ್ತಾರೆ ಎಂದು ಕೇಳಿದೆ. ‘ಸಹಜ ಸ್ಥಿತಿಗೆ ಮರಳಿದೆ’ ಎಂದು ಒಬ್ಬರು ಅಧ್ಯಾಪಕರು ಸಮಾಧಾನದಿಂದ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ರೈಲಿನ ವೇಳಾಪಟ್ಟಿಯಿಂದಾಗಿ ಅಕಸ್ಮಾತ್ತಾಗಿ ಸಿಕ್ಕಿದ್ದು ಅದು, ನಿಜ. ಸಿಕ್ಕಿದ ಮೇಲೆ ಇಟ್ಟುಕೊಳ್ಳಬಹುದಿತ್ತು.

ಈಗ ಶುಕ್ರವಾರ ಸಂಜೆ ನನಗೆ ಬೇರೆ ಕೆಲಸವಿದೆ. ಮಾವನ ಕೋಣೆಯಲ್ಲಿ ಕೆಲಸಕ್ಕಿರುವ ಇಬ್ಬರು ಹುಡುಗರು ಓದಿದ್ದು ಮಲಯಾಳದಲ್ಲಿ. ಈಗಿನ ಆಧಾರಗಳೂ ಮಲಯಾಳದಲ್ಲಿ. ಆದರೆ ಪಾಲುಪಟ್ಟಿಯ ತಕರಾರು ಬಂದಾಗ ಹಕ್ಕಿನ ಬೇರು ಹುಡುಕಿದರೆ 1956ಕ್ಕಿಂತ ಹಿಂದಿನ ಕಾಗದ ಹೊರಗೆ ಬರುತ್ತದೆ; ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು, ಮೂಲಗೇಣಿ, ಚಾಲಗೇಣಿ ಎಂದೆಲ್ಲ ಕೈಬರಹದ ಕನ್ನಡ. ಅವನ್ನು ಓದಿ ಟೈಪು ಮಾಡಿಕೊಡುವುದು ನನ್ನ ಪಾಲಿಗೆ ಬಂದಿದೆ, ಪುಟಕ್ಕೆ ಇಷ್ಟು ಎಂದು ಮಾವ ದುಡ್ಡನ್ನೂ ಕೊಡುತ್ತಾರೆ. ಅಲ್ಪವಿರಾಮವೇ ಇಲ್ಲದೆ ಪುಟವಿಡೀ ಹೋಗುವ ವಾಕ್ಯಗಳು. ತರಗತಿಯ ಚಟ ಬಿಟ್ಟಿಲ್ಲ, ನಾನು ಅಂಚಿನಲ್ಲಿ ಟಿಪ್ಪಣಿಯ ಪೆಟ್ಟಿಗೆ ತೆರೆದು ಕೇಳುತ್ತೇನೆ: ಇಲ್ಲಿ ಒತ್ತು ಬಿಟ್ಟುಹೋಗಿದೆ, ತಿದ್ದಲೇ? ಇಲ್ಲಿ ‘ಪಡುವ’ ಎರಡು ಸಲ ಬಂದಿದೆ, ಒಂದು ‘ಬಡಗ’ ಆಗಬೇಕಲ್ಲವೇ?

ಮಾವನಿಗೆ ಡಾಕ್ಸ್ ತಿಳಿಯದು. ಮುದ್ರಿಸಿ ಕೊಟ್ಟರೆ ನನ್ನ ಪ್ರಶ್ನೆಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಉತ್ತರ ಬರೆದು ಕಳುಹಿಸುತ್ತಾರೆ. ಹೋದ ವಾರದ್ದು ಹೀಗಿತ್ತು: ‘ತಿದ್ದಬೇಡ. ತಪ್ಪೇ ಇರಬಹುದು, ಆದರೆ ಅದು ರಿಜಿಸ್ಟರ್ ಆದ ತಪ್ಪು.’